ಮುಂಚಕ್ರದ ಸವೆದ ತೋಳು, ಗುಂಡುಕೀಲು: ಮನೆಯಂಗಳದಲ್ಲೇ ಬದಲಿಸುವ ಬಗೆ

ಎತ್ತಿನ ಬಂಡಿಯನ್ನು ಹೂಡುವ ಮುನ್ನ ಗಾಲಿಯ ಕಡಾಣಿಯನ್ನು ಕೈಯಿಂದ ಮುಟ್ಟಿ ನೋಡುವುದು ನಮ್ಮ ಹಿರಿಯರ ರೂಢಿ. ಕಡಾಣಿ ಬಿದ್ದರೆ ಗಾಲಿ ಕಳಚುವುದು, ಗಾಲಿ ಕಳಚಿದರೆ ಬಂಡಿ ಮಗುಚುವುದು ಎಂಬುದು ಚಿಕ್ಕ ಹುಡುಗರಿಗೂ ತಿಳಿದಿತ್ತು. ಈಗ ಬಹುಮಂದಿ ರೈತರ ಅಂಗಳದಲ್ಲಿ ಬಂಡಿಯ ಜಾಗಕ್ಕೆ ವ್ಯಾನು ಬಂದು ನಿಂತಿದೆ. ಪೆಟ್ರೋಲು ಹಾಕಿಸುತ್ತೇವೆ, ಎಣ್ಣೆ ಬದಲಿಸುತ್ತೇವೆ, ಗಾಜು ಒರೆಸುತ್ತೇವೆ. ಆದರೆ ಮುಂಚಕ್ರವನ್ನು ಹಿಡಿದು ನಿಲ್ಲಿಸುವ ಕೀಲನ್ನು ಮುಟ್ಟಿ ನೋಡುವವರು ಕಡಮೆ. ಮುಟ್ಟಿ ನೋಡುವ ರೂಢಿ ಬಂಡಿಯೊಡನೆಯೇ ಹೋಯಿತೆಂದು ಹೇಳಬೇಕಾಗಿದೆ.

ಗಡಿಯಾಚೆಯ ನಮ್ಮ ಊರುಗಳಲ್ಲಿ ಈ ಉಪೇಕ್ಷೆ ಸಲ್ಲದು. ತಾಳವಾಡಿ ಸೀಮೆಯವರು ಸತ್ಯಮಂಗಲದ ಕಡೆಗೆ ಇಳಿಯಬೇಕಾದರೆ ದಿಂಬಂ ಘಟ್ಟದ 27 ಹಿಮ್ಮುರಿ ತಿರುವುಗಳನ್ನು ದಾಟಬೇಕು. ಮಸಿನಗುಡಿಯಿಂದ ಉದಕಮಂಡಲಕ್ಕೆ ಏರುವ ಕಲ್ಲಟ್ಟಿ ಘಟ್ಟದಲ್ಲಿ ಅಂಥ ತಿರುವುಗಳು 36. ವಯನಾಡಿನಿಂದ ಕಲ್ಲಿಕೋಟೆಗೆ ಇಳಿಯುವ ತಾಮರಶ್ಶೇರಿ ಘಟ್ಟದಲ್ಲಿ 9. ಜತ್ತ, ಅಕ್ಕಲಕೋಟೆಗಳ ಕಡೆ ಘಟ್ಟವಿಲ್ಲದಿದ್ದರೂ ಎರೆಹೊಲದ ಹಾದಿಯ ಗುಂಡಿಗಳಿಗೆ ಕೊರತೆಯಿಲ್ಲ. ತರಕಾರಿಯ ಮೂಟೆ, ಶಾಲೆಯ ಮಕ್ಕಳು, ಹೆರಿಗೆಗೆ ಹೊರಟ ಹೆಣ್ಣುಮಗಳು, ಇವರೆಲ್ಲರನ್ನೂ ಹೊತ್ತು ಸಾಗುವುದು ಆ ಒಂದೇ ವ್ಯಾನು. ಇಳಿಜಾರಿನ ತಿರುವಿನಲ್ಲಿ ಗುಂಡುಕೀಲು ಕಳಚಿತೆಂದರೆ ಚಕ್ರದ ಬುಡ ಹೊರಕ್ಕೆ ಜಾರಿ ಮಡಿಸಿಕೊಳ್ಳುವುದು, ಗಾಡಿಯ ಆ ಮೂಲೆ ನೆಲಕ್ಕೆ ಕುಸಿಯುವುದು, ಸ್ಟಿಯರಿಂಗಿನ ಮಾತನ್ನು ಚಕ್ರ ಕೇಳದು. ಆಗ ಎಂಥ ಚಾಲಕನಿಂದಲೂ ಆಗುವುದೇನಿಲ್ಲ. ಆದರೆ ಈ ಕೀಲು ಸಾಮಾನ್ಯವಾಗಿ ಒಂದೇ ದಿನದಲ್ಲಿ ಕೆಡುವುದಿಲ್ಲ. ಮುಂಚಿತವಾಗಿ ಹಲವು ಕುರುಹು ಕೊಡುತ್ತದೆ. ಕುರುಹು ಕಂಡಾಗ ಬದಲಿಸುವ ಕೆಲಸವನ್ನು, ಕೈಕಸುಬು ಬಲ್ಲವರು ತಾಳ್ಮೆಯಿಂದ ಮನೆಯಂಗಳದಲ್ಲೇ ಮಾಡಬಹುದು.

ಉದಾಹರಣೆಗೆ ನಮ್ಮವರಲ್ಲಿ ಹೆಚ್ಚಾಗಿ ಕಾಣುವ ಮಾರುತಿ ಓಮ್ನಿಯನ್ನೇ ತೆಗೆದುಕೊಳ್ಳೋಣ. 1984ರಲ್ಲಿ ಹೊರಬಂದ ಈ ವ್ಯಾನಿನ ತಯಾರಿಕೆ 2019ರಲ್ಲಿ ನಿಂತಿತು. ಆದಕಾರಣ ಈಗ ರಸ್ತೆಯಲ್ಲಿರುವ ಪ್ರತಿಯೊಂದು ಓಮ್ನಿಯೂ ಹಲವು ವರ್ಷ ದುಡಿದದ್ದೇ. ಹೆಚ್ಚು ಓಡದೆ ನಿಂತಿದ್ದರೂ ರಬ್ಬರು ವಯಸ್ಸಿನಿಂದಲೇ ಗಟ್ಟಿಯಾಗಿ ಬಿರಿಯುವುದೆಂಬುದನ್ನು ನೆನಪಿನಲ್ಲಿಡಬೇಕು.

ತೋಳು ಎಂದರೇನು, ಕೀಲು ಎಂದರೇನು?

ಓಮ್ನಿಯಲ್ಲೂ ಮಾರುತಿ 800ರಲ್ಲೂ ಮುಂಚಕ್ರದ ತೂಗುಕಟ್ಟು ಮ್ಯಾಕ್‌ಫರ್ಸನ್ ಎಂಬ ಪದ್ಧತಿಯದು. ಅರ್ಲ್ ಮ್ಯಾಕ್‌ಫರ್ಸನ್ ಎಂಬ ಅಮೆರಿಕದ ಎಂಜಿನಿಯರು 1940ರ ದಶಕದಲ್ಲಿ ಇದನ್ನು ರೂಪಿಸಿದರು. ಇದರಲ್ಲಿ ಸುರುಳಿ ಸ್ಪ್ರಿಂಗು ಮತ್ತು ಆಘಾತ ನುಂಗುವ ಕೊಳವೆ ಒಂದೇ ಕಂಬವಾಗಿ ಮೇಲೆ ನಿಲ್ಲುತ್ತವೆ. ಗಾಡಿಯ ಭಾರವನ್ನು ಹೊರುವುದು ಆ ಕಂಬ. ಕೆಳಗೆ ಅಡ್ಡಲಾಗಿ ಒಂದು ಉಕ್ಕಿನ ತೋಳು ಇರುತ್ತದೆ. ಅಂಗಡಿಯವರು ಇದನ್ನು ಲೋಯರ್ ಆರ್ಮ್ ಎನ್ನುವರು. ತೋಳಿನ ಒಳತುದಿ ರಬ್ಬರು ಬುಷ್ಷಿನ ಮೂಲಕ ಗಾಡಿಯ ಮೈಗೆ ಸೇರಿದೆ. ಹೊರತುದಿ ಗುಂಡುಕೀಲಿನ ಮೂಲಕ ಚಕ್ರದ ಗೆಣ್ಣಿಗೆ ಸೇರಿದೆ. ಗೆಣ್ಣೆಂದರೆ ಚಕ್ರದ ಅಚ್ಚನ್ನು ಹಿಡಿದಿರುವ ದಪ್ಪ ತುಂಡು. ಮೆಕ್ಯಾನಿಕರು ನಕಲ್ ಎನ್ನುವುದು ಇದನ್ನೇ.

ಗುಂಡುಕೀಲೆಂದರೆ ಬಾಲ್ ಜಾಯಿಂಟು. ನಮ್ಮ ತೊಡೆಮೂಳೆಯ ಗುಂಡು ಸೊಂಟದ ಬಟ್ಟಲಿನಲ್ಲಿ ಹೇಗೆ ಎಲ್ಲ ಕಡೆಗೂ ಹೊರಳುವುದೋ ಇದೂ ಹಾಗೆಯೇ. ಚಕ್ರ ಮೇಲೆ ಕೆಳಗೆ ಆಡಬೇಕು, ಎಡಕ್ಕೆ ಬಲಕ್ಕೆ ತಿರುಗಬೇಕು. ಎರಡಕ್ಕೂ ಒಂದೇ ಕೀಲು. ಬಟ್ಟಲಿನೊಳಗೆ ಗ್ರೀಸು, ಮೇಲೊಂದು ರಬ್ಬರು ಟೊಪ್ಪಿಗೆ. ಟೊಪ್ಪಿಗೆ ಹರಿದರೆ ಗ್ರೀಸು ಹೊರಗೆ ಹೋಗಿ ಮಣ್ಣು ನೀರು ಒಳಗೆ ಬರುತ್ತದೆ. ಆ ಮಣ್ಣು ಸಾಣೆಕಲ್ಲಿನಂತೆ ಗುಂಡನ್ನೂ ಬಟ್ಟಲನ್ನೂ ತೇಯುತ್ತಾ ಹೋಗುತ್ತದೆ. ಕೀಲಿನ ಆಯುಸ್ಸೆಲ್ಲ ಆ ರಬ್ಬರು ಟೊಪ್ಪಿಗೆಯಲ್ಲಿದೆ ಎಂದರೆ ತಪ್ಪಾಗದು.

ಯಾವ ಗಾಡಿಗೆ ಮನೆಯಲ್ಲಿ ಕೈ ಹಾಕಬಾರದು?

ಎಲ್ಲ ಗಾಡಿಗಳ ಕಟ್ಟೂ ಒಂದೇ ಬಗೆಯಲ್ಲ. ಟಾಟಾ ಸುಮೋದಂಥ ಗಾಡಿಯಲ್ಲಿ ಮೇಲೊಂದು ಕೆಳಗೊಂದು ತೋಳಿದ್ದು, ಗಾಡಿಯ ಭಾರ ಹೊತ್ತ ಸುರುಳಿ ಸ್ಪ್ರಿಂಗಿನ ಒತ್ತಡವೆಲ್ಲ ಕೆಳತೋಳಿನ ಮೇಲಿರುತ್ತದೆ. ಟೊಯೋಟಾ ಕ್ವಾಲಿಸ್‌ನಲ್ಲಿ ಸುರುಳಿಯ ಬದಲು ತಿರುಚಿದ ಉಕ್ಕಿನ ಸರಳು ಈ ಕೆಲಸ ಮಾಡುತ್ತದೆ. ಇಂಥ ಗಾಡಿಯ ಕೀಲನ್ನು ಅರಿಯದೆ ಬಿಚ್ಚಿದರೆ ಅಡಗಿದ್ದ ಬಲವೆಲ್ಲ ಒಮ್ಮೆಗೇ ಸಿಡಿದು ಕೈಕಾಲು ಮುರಿಯಬಹುದು, ಜೀವಕ್ಕೂ ಅಪಾಯ. ಇವನ್ನು ತಕ್ಕ ಸಲಕರಣೆಯುಳ್ಳ ವರ್ಕ್‌ಷಾಪಿಗೇ ಒಯ್ಯತಕ್ಕದ್ದು.

ಓಮ್ನಿ, 800ರಂಥ ಗಾಡಿಗಳಲ್ಲಿ ಸ್ಪ್ರಿಂಗು ಕಂಬದ ಮೇಲೆಯೇ ಬಂಧಿಯಾಗಿರುವುದರಿಂದ ಕೆಳತೋಳನ್ನು ಬಿಚ್ಚಿದರೆ ಅದು ಸಿಡಿಯುವುದಿಲ್ಲ. ಆದರೆ ಕಂಬದ ನೆತ್ತಿಯ ನಡುವಿನ ನಟ್ಟನ್ನು ಯಾವ ಕಾರಣಕ್ಕೂ ಮುಟ್ಟಬಾರದು. ಸ್ಪ್ರಿಂಗನ್ನು ಬಂಧಿಸಿಟ್ಟಿರುವುದೇ ಆ ನಟ್ಟು.

ಸವೆದಿದೆಯೆಂದು ತಿಳಿಯುವುದು ಹೇಗೆ?

ಗುಂಡಿಗೆ ಇಳಿದಾಗ ಮುಂದುಗಡೆ ಟಕ್ಕೆಂಬ ಸದ್ದು, ಸ್ಟಿಯರಿಂಗು ತಿರುಗಿಸುವಾಗ ಕಿರುಗುಟ್ಟುವಿಕೆ, ನೇರ ರಸ್ತೆಯಲ್ಲೂ ಗಾಡಿ ಅತ್ತಿತ್ತ ಅಲೆಯುವುದು, ಬ್ರೇಕು ಒತ್ತಿದಾಗ ಒಂದು ಕಡೆಗೆ ಎಳೆಯುವುದು, ಟೈರು ಒಂದೇ ಅಂಚಿನಲ್ಲಿ ಸವೆಯುವುದು, ಇವು ಮುಖ್ಯ ಕುರುಹುಗಳು. ಆದರೆ ಇವೇ ಕುರುಹುಗಳಿಗೆ ಬೇರೆ ಕಾರಣಗಳೂ ಇರಬಹುದು. ಆದುದರಿಂದ ಕೈಪರೀಕ್ಷೆ ಅಗತ್ಯ.

ಸಮನೆಲದಲ್ಲಿ ಗಾಡಿ ನಿಲ್ಲಿಸಿ, ಮುಂದೆ ಹೇಳಿರುವಂತೆ ಭದ್ರವಾಗಿ ಎತ್ತಿ, ಮುಂಚಕ್ರ ತೂಗಾಡುವಂತೆ ಬಿಡಿ. ಒಂದು ಕೈ ಚಕ್ರದ ನೆತ್ತಿಗೆ, ಇನ್ನೊಂದು ಬುಡಕ್ಕೆ ಇಟ್ಟು ಒಳಕ್ಕೂ ಹೊರಕ್ಕೂ ಅಲ್ಲಾಡಿಸಿ. ಕಟಕಟ ಆಡಿದರೆ, ಇನ್ನೊಬ್ಬರಿಗೆ ಬ್ರೇಕನ್ನು ಒತ್ತಿ ಹಿಡಿಯಲು ಹೇಳಿ ಮತ್ತೆ ಅಲ್ಲಾಡಿಸಿ. ಬ್ರೇಕು ಒತ್ತಿದೊಡನೆ ಆಟ ನಿಂತರೆ ದೋಷ ಚಕ್ರದ ಬೇರಿಂಗಿನಲ್ಲಿದೆ. ನಿಲ್ಲದಿದ್ದರೆ ಗುಂಡುಕೀಲು ಅಥವಾ ಬುಷ್ಷು ಸವೆದಿದೆ. ಚಕ್ರದ ಎಡಬಲಗಳನ್ನು ಹಿಡಿದು ಅಲ್ಲಾಡಿಸಿದಾಗ ಮಾತ್ರ ಆಟ ಕಂಡರೆ ಸ್ಟಿಯರಿಂಗಿನ ಸರಳಿನ ತುದಿಯಲ್ಲಿರುವ ಚಿಕ್ಕ ಗುಂಡುಕೀಲನ್ನು ಸಂಶಯಿಸಬೇಕು.

ಕೊನೆಗೆ ತೋಳಿಗೂ ಗೆಣ್ಣಿಗೂ ನಡುವೆ ಸಣ್ಣ ಹಾರೆಯಿಟ್ಟು ಮೀಟಿ ನೋಡಿ. ಟೊಪ್ಪಿಗೆ ಹರಿಯದಂತೆ ಎಚ್ಚರವಿರಲಿ. ಕಣ್ಣಿಗೆ ಕಾಣುವಷ್ಟು, ಕೈಗೆ ತಿಳಿಯುವಷ್ಟು ಆಟವಿದ್ದರೆ ಇಂದೇ ಬದಲಿಸುವುದು ಲೇಸು. ಒಳತುದಿಯ ಬುಷ್ಷನ್ನೂ ಹಾಗೆಯೇ ಮೀಟಿ ನೋಡಬೇಕು; ರಬ್ಬರು ಬಿರಿದು ಲೋಹದಿಂದ ಬಿಟ್ಟಿದ್ದರೆ ಅದೂ ಮುಗಿದಂತೆ.

ಬಿಡಿಭಾಗ ಕೊಳ್ಳುವಾಗ

ಹೊಸೂರಾಗಲಿ, ಸೊಲ್ಲಾಪುರವಾಗಲಿ, ಕಾಸರಗೋಡಾಗಲಿ, ಅಂಗಡಿಯವನ ಮಾತು ತಮಿಳೋ ಮರಾಠಿಯೋ ಮಲಯಾಳವೋ ಆಗಿದ್ದರೂ ಬಿಡಿಭಾಗಗಳ ಹೆಸರು ಎಲ್ಲ ಕಡೆಯೂ ಒಂದೇ: ಲೋಯರ್ ಆರ್ಮ್, ಬಾಲ್ ಜಾಯಿಂಟ್, ಬುಷ್. ಗಾಡಿಯ ಮಾದರಿ, ತಯಾರಾದ ವರ್ಷ, ಎಡವೋ ಬಲವೋ ಎಂಬ ಮೂರು ಸಂಗತಿಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋದರೆ ಮೋಸಹೋಗುವ ಸಂಭವ ಕಡಮೆ. ನೋಂದಣಿ ಪತ್ರದ ಪ್ರತಿ ಜೊತೆಗಿದ್ದರೆ ಇನ್ನೂ ಒಳ್ಳೆಯದು. ಬಿಲ್ಲನ್ನು ಕೇಳಿ ಪಡೆಯಿರಿ.

ಗುಂಡುಕೀಲನ್ನು ತೋಳಿಗೆ ಒತ್ತಿ ಕೂರಿಸಿರುವ ಗಾಡಿಗಳಲ್ಲಿ ಕೀಲನ್ನು ಮಾತ್ರ ತೆಗೆದು ಹಾಕಲು ಒತ್ತುಯಂತ್ರ ಬೇಕು. ಸುತ್ತಿಗೆಯಿಂದ ಬಡಿದು ಕೂರಿಸಿದರೆ ಹೊಸ ಕೀಲೂ ಕೆಡುವುದು, ತೋಳಿನ ತೂತೂ ದೊಡ್ಡದಾಗುವುದು. ಕೀಲು, ಬುಷ್ಷು ಎರಡೂ ಕೂಡಿರುವ ಇಡೀ ತೋಳನ್ನೇ ತರುವುದು ಮನೆಕೆಲಸಕ್ಕೆ ಸುಲಭ. ಹೊಸ ಕೀಲಿನ ಮೊಳೆಯನ್ನು ಕೈಯಿಂದ ಹೊರಳಿಸಿ ನೋಡಿ: ಬಿಗಿಯಾಗಿ, ಒಂದೇ ಸಮನೆ ಹೊರಳಬೇಕು; ಸಡಿಲವಾಗಿ ಆಡಿದರೆ ಬೇಡವೆನ್ನಿ. ಒಂದು ಕಡೆ ಸವೆದಿದ್ದರೆ ಇನ್ನೊಂದು ಕಡೆಯದಕ್ಕೂ ಅಷ್ಟೇ ವಯಸ್ಸು. ಎರಡನ್ನೂ ಒಟ್ಟಿಗೆ ಬದಲಿಸುವುದು ಜಾಣತನ.

ಬೇಕಾಗುವ ಸಾಮಾನುಗಳು

ಜಾಕಿ ಒಂದು, ಭಾರ ಹೊರುವ ಉಕ್ಕಿನ ಸ್ಟ್ಯಾಂಡು ಎರಡು, ಹಿಂಚಕ್ರಗಳಿಗೆ ಮರದ ಅಡೆಗಳು, ಸರಿಯಳತೆಯ ಸ್ಪ್ಯಾನರುಗಳು, ಸುತ್ತಿಗೆ ಎರಡು, ಸಣ್ಣ ಹಾರೆ, ತಂತಿಯ ಬ್ರಷ್ಷು, ತುಕ್ಕು ಬಿಡಿಸುವ ಎಣ್ಣೆ, ಹೊಸ ಕಾಟರ್ ಪಿನ್ನು, ಹೊಸ ನಟ್ಟುಬೋಲ್ಟು, ಬಿಗಿತ ಅಳೆಯುವ ಟಾರ್ಕ್ ಸ್ಪ್ಯಾನರು, ಗಾಡಿಯ ಕೈಪಿಡಿ.

ಸ್ಟ್ಯಾಂಡಿನ ಬದಲು ಇಟ್ಟಿಗೆ, ಸಿಮೆಂಟಿನ ಟೊಳ್ಳುಕಲ್ಲು ಇವನ್ನು ಎಂದಿಗೂ ಇಡಬಾರದು. ಅವು ಸದ್ದಿಲ್ಲದೆ ಪುಡಿಯಾಗಿ ಕುಸಿಯುತ್ತವೆ. ಜಾಕಿಯೊಂದನ್ನೇ ನಂಬಿ ಗಾಡಿಯಡಿಗೆ ತಲೆ ಹಾಕುವುದು ಆತ್ಮಹತ್ಯೆಗೆ ಸಮ. ಸ್ಟ್ಯಾಂಡು ಇಲ್ಲದಿದ್ದರೆ ಎರವಲು ತನ್ನಿ. ಅದು ಸಿಗುವವರೆಗೆ ಕೆಲಸ ಕಾಯಲಿ.

ಬಿಚ್ಚುವ ಕ್ರಮ

ಹಿಂದಿನ ರಾತ್ರಿಯೇ ಬೋಲ್ಟುಗಳ ಮಣ್ಣು ಉಜ್ಜಿ ತೆಗೆದು ಎಣ್ಣೆ ಬಿಟ್ಟಿರಿ. ಬೆಳಗ್ಗೆ ಗಟ್ಟಿಯಾದ ಸಮನೆಲದಲ್ಲಿ ಗಾಡಿ ನಿಲ್ಲಿಸಿ, ಕೈಬ್ರೇಕು ಎಳೆದು, ಹಿಂಚಕ್ರಗಳಿಗೆ ಹಿಂದೆ ಮುಂದೆ ಅಡೆಯಿಡಿ. ಬಿಚ್ಚುವ ಮೊದಲೇ ಎರಡು ಮುಂಟೈರುಗಳ ಮುಂದಂಚುಗಳ ನಡುವಣ ಅಂತರವನ್ನೂ ಹಿಂದಂಚುಗಳ ನಡುವಣ ಅಂತರವನ್ನೂ ಒಂದೇ ಎತ್ತರದಲ್ಲಿ ಅಳೆದು ಬರೆದಿಟ್ಟುಕೊಳ್ಳಿ. ಇದು ಕೊನೆಗೆ ಉಪಯೋಗಕ್ಕೆ ಬರುತ್ತದೆ.

ಚಕ್ರದ ನಟ್ಟುಗಳನ್ನು ನೆಲದ ಮೇಲಿರುವಾಗಲೇ ಅರ್ಧ ಸುತ್ತು ಸಡಿಲಿಸಿ. ಆಮೇಲೆ ಕೈಪಿಡಿಯಲ್ಲಿ ತೋರಿಸಿರುವ ಸ್ಥಾನಗಳಲ್ಲಿ ಜಾಕಿಯಿಟ್ಟು ಎತ್ತಿ, ಎರಡು ಕಡೆಗೂ ಸ್ಟ್ಯಾಂಡು ಕೊಟ್ಟು ಭಾರ ಇಳಿಸಿ. ಒಂದೇ ಚಕ್ರವನ್ನು ಎತ್ತಿದರೆ ಎರಡೂ ಬದಿಯ ತೋಳುಗಳನ್ನು ಜೋಡಿಸುವ ಅಡ್ಡಸರಳು ತಿರುಚಿಕೊಂಡು ಬಿಚ್ಚುವಾಗ ಎಗರುತ್ತದೆ. ಆದಕಾರಣ ಎರಡನ್ನೂ ಎತ್ತುವುದು ಕ್ಷೇಮ. ಗಾಡಿಯನ್ನು ಕೈಯಿಂದ ನೂಕಿ ಅಲುಗಾಡುವುದೇ ನೋಡಿ. ತೆಗೆದ ಚಕ್ರವನ್ನು ಗಾಡಿಯ ಮೈಯಡಿಗೆ ಅಡ್ಡಲಾಗಿ ಮಲಗಿಸಿ. ಸ್ಟ್ಯಾಂಡು ಜಾರಿದರೂ ಅದು ಜೀವ ಉಳಿಸೀತು.

ಅಡ್ಡಸರಳು ತೋಳಿಗೆ ಸೇರುವಲ್ಲಿನ ನಟ್ಟು, ವಾಷರು, ರಬ್ಬರುಗಳನ್ನು ಬಿಚ್ಚಿದ ಕ್ರಮದಲ್ಲೇ ಬಟ್ಟೆಯ ಮೇಲೆ ಸಾಲಾಗಿ ಇಡಿ. ವಾಷರಿನ ಉಬ್ಬು ಯಾವ ಕಡೆಗಿತ್ತೆಂದು ಗುರುತಿಸಿಕೊಳ್ಳಿ. ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡರೆ ಇನ್ನೂ ಸುಲಭ.

ಗುಂಡುಕೀಲಿನ ಮೊಳೆಯನ್ನು ಗೆಣ್ಣಿಗೆ ಬಂಧಿಸುವ ವಿಧಾನ ಎರಡು. ಒಂದರಲ್ಲಿ ಸೀಳಿದ ಕಿವಿಯಂಥ ಭಾಗವನ್ನು ಬೋಲ್ಟೊಂದು ಹಿಸುಕಿ ಹಿಡಿದಿರುತ್ತದೆ. ಈ ಬೋಲ್ಟು ಮೊಳೆಯ ಗಾಡಿಯಲ್ಲಿ ಅಡ್ಡಲಾಗಿ ಕೂತಿರುವುದರಿಂದ ಅದನ್ನು ಸಡಿಲಿಸಿದರೆ ಸಾಲದು. ಪೂರ್ತಿ ಹೊರಗೆ ಎಳೆಯಬೇಕು. ಇನ್ನೊಂದರಲ್ಲಿ ಮೊಳೆ ಮೊನಚಾಗಿದ್ದು ಕಿರೀಟದಂಥ ನಟ್ಟು, ಅದಕ್ಕೊಂದು ಕಾಟರ್ ಪಿನ್ನು ಇರುತ್ತದೆ. ಪಿನ್ನು ತೆಗೆದು, ನಟ್ಟನ್ನು ಕೆಲವು ಸುತ್ತು ಸಡಿಲಿಸಿ ಹಾಗೆಯೇ ಬಿಡಿ. ಗೆಣ್ಣಿನ ಕಣ್ಣಿಗೆ ಒಂದು ಕಡೆ ಒಂದು ಸುತ್ತಿಗೆಯನ್ನು ಆನಿಸಿ ಹಿಡಿದು, ಎದುರುಕಡೆಯಿಂದ ಇನ್ನೊಂದರಿಂದ ಬಲವಾಗಿ ಹೊಡೆಯಿರಿ; ಮೊಳೆ ಕಚ್ಚು ಬಿಡುತ್ತದೆ. ಮೊಳೆಯ ಮರೆಗಳ ಮೇಲೆ ನೇರವಾಗಿ ಹೊಡೆಯಬಾರದು. ಕಣ್ಣಿಗೆ ಕನ್ನಡಕವಿರಲಿ.

ಬಳಿಕ ತೋಳನ್ನು ಹಾರೆಯಿಂದ ಕೆಳಕ್ಕೆ ಒತ್ತಿ ಗೆಣ್ಣಿನಿಂದ ಬಿಡಿಸಿ. ಗೆಣ್ಣು ಬ್ರೇಕಿನ ರಬ್ಬರು ಕೊಳವೆಯಿಂದ ಜೋತುಬೀಳದಂತೆ ತಂತಿಯಿಂದ ಮೇಲಕ್ಕೆ ಕಟ್ಟಿ. ಓಮ್ನಿಯಲ್ಲಿ ಎಂಜಿನ್ನಿನ ಬಲ ಹಿಂಚಕ್ರಕ್ಕೆ ಹೋಗುವುದರಿಂದ ಮುಂದೆ ಬೇರೆ ತೊಡಕಿಲ್ಲ. 800ರಲ್ಲಿ ಮುಂಚಕ್ರವನ್ನೇ ತಿರುಗಿಸುವ ಸರಳಿರುವುದರಿಂದ ಗೆಣ್ಣನ್ನು ಹೊರಕ್ಕೆ ಎಳೆದರೆ ಆ ಸರಳಿನ ಒಳಕೀಲು ಕಳಚೀತು, ಎಚ್ಚರ. ಕೊನೆಗೆ ಒಳತುದಿಯ ಬೋಲ್ಟು ಬಿಚ್ಚಿ ತೋಳನ್ನು ಹೊರತೆಗೆಯಿರಿ.

ಜೋಡಿಸುವ ಕ್ರಮ

ಹಳೆಯ ತೋಳನ್ನೂ ಹೊಸದನ್ನೂ ಅಕ್ಕಪಕ್ಕ ಮಲಗಿಸಿ ಉದ್ದ, ತೂತು, ಬಾಗುಗಳನ್ನು ಹೋಲಿಸಿ. ಎಡದ್ದು ಬಲಕ್ಕೆ ಬಂದಿರಬಾರದು. ಗೆಣ್ಣಿನ ಕಣ್ಣನ್ನು ಬಟ್ಟೆಯಿಂದ ಒರೆಸಿ ಒಣಗಿಸಿ. ಮೊನಚು ಮೊಳೆಗೆ ಗ್ರೀಸು ಹಚ್ಚಬಾರದು, ಅದು ಒಣಗಿದ್ದರೇ ಕಚ್ಚಿ ಹಿಡಿಯುವುದು. ಎಲ್ಲ ಬೋಲ್ಟುಗಳನ್ನೂ ಮೊದಲು ಕೈಯಿಂದಲೇ ಹಲವು ಸುತ್ತು ಹಾಕಿ, ಆಮೇಲೆ ಸ್ಪ್ಯಾನರು ಹಿಡಿಯಿರಿ.

ಗುಂಡುಕೀಲಿನ ನಟ್ಟನ್ನು ಕೈಪಿಡಿಯಲ್ಲಿ ಹೇಳಿದಷ್ಟು ಬಿಗಿಯಿರಿ. ಪಿನ್ನಿನ ತೂತು ಎದುರಾಗದಿದ್ದರೆ ಇನ್ನು ಸ್ವಲ್ಪ ಮುಂದಕ್ಕೆ ಬಿಗಿಯಬೇಕೇ ಹೊರತು ಹಿಂದಕ್ಕೆ ಸಡಿಲಿಸಬಾರದು. ಕಾಟರ್ ಪಿನ್ನು ಯಾವಾಗಲೂ ಹೊಸದೇ ಆಗಿರಬೇಕು. ಬಂಡಿಗೆ ಕಡಾಣಿ ಹೇಗೋ ಈ ಕೀಲಿಗೆ ಈ ಪಿನ್ನು ಹಾಗೆ. ಹಳೆಯದನ್ನು ನೆಟ್ಟಗೆ ಮಾಡಿ ಹಾಕಿದರೆ ಮುರಿಯುತ್ತದೆ.

ಬಿಗಿತದ ಲೆಕ್ಕ ಕಷ್ಟವೇನಲ್ಲ. 1 ಮೀಟರು ಉದ್ದದ ಹಿಡಿಯ ತುದಿಯಲ್ಲಿ 1 ಕಿಲೋ ಭಾರ ಎಳೆದರೆ ಆಗುವ ಬಿಗಿತ 1 ಕಿಲೋಗ್ರಾಂ ಮೀಟರು. ಇದು ಸುಮಾರು 10 ನ್ಯೂಟನ್ ಮೀಟರಿಗೆ ಸಮ. ಕೈಪಿಡಿಯಲ್ಲಿ 60 ನ್ಯೂಟನ್ ಮೀಟರು ಎಂದಿದ್ದರೆ, 30 ಸೆಂಟಿಮೀಟರು ಉದ್ದದ ಸ್ಪ್ಯಾನರಿನ ತುದಿಯನ್ನು ಸುಮಾರು 20 ಕಿಲೋ ಬಲದಿಂದ ಎಳೆಯಬೇಕೆಂದು ಅರ್ಥ. ಇದು ಲೆಕ್ಕದ ಮಾದರಿ ಮಾತ್ರ. ಅಂಕೆಯನ್ನು ನಿಮ್ಮ ಗಾಡಿಯ ಕೈಪಿಡಿಯಿಂದಲೇ ತೆಗೆದುಕೊಳ್ಳಿ.

ಬುಷ್ಷಿನ ಬೋಲ್ಟನ್ನು ಯಾವಾಗ ಬಿಗಿಯಬೇಕು?

ಈ ಲೇಖನದಲ್ಲಿ ನೆನಪಿಡಲೇಬೇಕಾದ ಮಾತು ಇದು. ಒಳತುದಿಯ ಬುಷ್ಷಿನಲ್ಲಿ ಎರಡು ಲೋಹದ ಕೊಳವೆಗಳ ನಡುವೆ ರಬ್ಬರು ಅಂಟಿಕೊಂಡಿರುತ್ತದೆ. ಬೋಲ್ಟು ಬಿಗಿದೊಡನೆ ಒಳಕೊಳವೆ ಗಾಡಿಯ ಮೈಗೆ ಕಚ್ಚಿಕೊಳ್ಳುತ್ತದೆ; ಆಮೇಲೆ ತೋಳು ಆಡುವುದೆಲ್ಲ ರಬ್ಬರಿನ ತಿರುಚುವಿಕೆಯಿಂದಲೇ. ಚಕ್ರ ಗಾಳಿಯಲ್ಲಿ ತೂಗುತ್ತಿರುವಾಗ ತೋಳು ಕೆಳಕ್ಕೆ ಬಾಗಿರುತ್ತದೆ. ಆ ಸ್ಥಿತಿಯಲ್ಲೇ ಬೋಲ್ಟು ಬಿಗಿದರೆ, ಗಾಡಿಯನ್ನು ನೆಲಕ್ಕಿಳಿಸಿದ ಕ್ಷಣದಿಂದ ರಬ್ಬರು ಹಗಲೂ ರಾತ್ರಿಯೂ ತಿರುಚಿಕೊಂಡೇ ಇರಬೇಕಾಗುತ್ತದೆ. ಹೀಗಾದರೆ ಹೊಸ ಬುಷ್ಷು ಬಹುಬೇಗ ಹರಿಯುತ್ತದೆ. ಹಣ ಕೊಟ್ಟು ತಂದ ತೋಳು ಬೇಗ ಕೆಟ್ಟಿತೆಂದು ಅಂಗಡಿಯವನನ್ನು ಬೈಯುವ ಮುನ್ನ ಇದನ್ನು ಯೋಚಿಸಬೇಕು.

ಆದಕಾರಣ ಗುಂಡುಕೀಲನ್ನು ಪೂರ್ತಿ ಬಿಗಿದು, ಬುಷ್ಷಿನ ಬೋಲ್ಟನ್ನು ಮಾತ್ರ ಹಗುರವಾಗಿ ಹಿಡಿಸಿಡಿ. ಮುಂಚಕ್ರಗಳ ಕೆಳಗೆ ದಪ್ಪ ಹಲಗೆಯಿಟ್ಟು ಗಾಡಿಯನ್ನು ಅದರ ಮೇಲೆ ಇಳಿಸಿ, ಮುಂದುಗಡೆಯನ್ನು ನಾಲ್ಕಾರು ಬಾರಿ ಕೆಳಕ್ಕೆ ಒತ್ತಿ ಬಿಡಿ. ಗಾಡಿ ತನ್ನ ಸಹಜ ಎತ್ತರಕ್ಕೆ ಕೂರುತ್ತದೆ. ಆಗ ಬುಷ್ಷಿನ ಬೋಲ್ಟನ್ನು ಕೊನೆಯ ಬಿಗಿತಕ್ಕೆ ತನ್ನಿ. ಅಲ್ಲಿಗೆ ಸ್ಪ್ಯಾನರು ಹೋಗದಿದ್ದರೆ, ಗಾಡಿ ಸ್ಟ್ಯಾಂಡಿನ ಮೇಲಿರುವಾಗಲೇ ತೋಳಿನ ಹೊರತುದಿಯ ಕೆಳಗೆ ಜಾಕಿ ಕೊಟ್ಟು, ಗಾಡಿಯ ಮೈ ಸ್ಟ್ಯಾಂಡಿನಿಂದ ಏಳುವುದೋ ಏಳದೋ ಎಂಬಷ್ಟು ಎತ್ತಿ ಬಿಗಿಯಬಹುದು. ಈ ಕೆಲಸದಲ್ಲಿ ಟೊಪ್ಪಿಗೆಗೆ ಜಾಕಿ ತಗಲಬಾರದು.

ಕೆಲಸ ಮುಗಿದ ಮೇಲೆ

ಚಕ್ರದ ನಟ್ಟುಗಳನ್ನು ಎದುರುಬದುರಾಗಿ ಬಿಗಿಯಿರಿ. ಬ್ರೇಕನ್ನು ಕೆಲವು ಬಾರಿ ಒತ್ತಿ, ಸ್ಟಿಯರಿಂಗನ್ನು ಎರಡೂ ಕೊನೆಗೆ ತಿರುಗಿಸಿ ಏನೂ ತಗಲುವುದಿಲ್ಲವೆಂದು ನೋಡಿ. ಮೊದಲು ಬರೆದಿಟ್ಟ ಟೈರಿನ ಅಂತರವನ್ನು ಮತ್ತೆ ಅಳೆಯಿರಿ. ಹೆಚ್ಚು ವ್ಯತ್ಯಾಸ ಬಂದಿದ್ದರೆ ಜೋಡಣೆಯನ್ನು ಇನ್ನೊಮ್ಮೆ ಪರೀಕ್ಷಿಸಿ. ಬಂದಿರಲಿ ಬಿಡಲಿ, ಹತ್ತಿರದ ಪಟ್ಟಣದಲ್ಲಿ ಯಂತ್ರದ ಮೇಲೆ ಚಕ್ರಗಳ ನೇರ ಮಾಡಿಸುವುದನ್ನು ಮಾತ್ರ ತಪ್ಪಿಸಬಾರದು. ದಾರ, ಅಳತೆಪಟ್ಟಿಗಳ ಲೆಕ್ಕ ಅಲ್ಲಿಯವರೆಗೆ ಹೋಗಲು ಸಾಕು, ಟೈರು ಉಳಿಸಲು ಸಾಲದು.

ಮೊದಲ ಓಟ ಊರಿನ ಸಮರಸ್ತೆಯಲ್ಲಿ, ಬರಿಗಾಡಿಯಲ್ಲಿ, ನಿಧಾನವಾಗಿರಲಿ. ಘಟ್ಟಕ್ಕೂ ಸಂತೆಗೂ ಆಮೇಲೆ. 50 ಕಿಲೋಮೀಟರು ಓಡಿದ ಬಳಿಕ ಎಲ್ಲ ನಟ್ಟುಬೋಲ್ಟುಗಳನ್ನೂ ಇನ್ನೊಮ್ಮೆ ಬಿಗಿನೋಡಿ. ಗ್ರೀಸು ಕೊಡುವ ಮೊಲೆತೊಟ್ಟಿರುವ ಕೀಲಾದರೆ ಟೊಪ್ಪಿಗೆ ತುಸು ಉಬ್ಬುವವರೆಗೆ ಮಾತ್ರ ಗ್ರೀಸು ಕೊಡಿ. ಹೆಚ್ಚಾದರೆ ಟೊಪ್ಪಿಗೆ ಒಡೆಯುತ್ತದೆ. ಮುಚ್ಚಿದ ಕೀಲಿಗೆ ಅದು ಬೇಕಿಲ್ಲ.

ಇನ್ನು ಮುಂದೆ ಮಳೆಗಾಲಕ್ಕೆ ಮುನ್ನ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ, ಚಕ್ರವನ್ನು ಎತ್ತಿ ಅಲ್ಲಾಡಿಸಿ ನೋಡುವುದನ್ನೂ ರಬ್ಬರು ಟೊಪ್ಪಿಗೆಯನ್ನು ಒರೆಸಿ ಬಿರುಕು ಹುಡುಕುವುದನ್ನೂ ಮನೆಯ ವಾಡಿಕೆ ಮಾಡಿಕೊಳ್ಳಬೇಕು. ಕಾಲು ಗಂಟೆಯ ಕೆಲಸ. ಕೂಡಿದರೆ ಮನೆಯ ಮಕ್ಕಳನ್ನೂ ಜೊತೆಗೆ ನಿಲ್ಲಿಸಿ ತೋರಿಸಿ. ನಾಳೆ ಆ ಘಟ್ಟದಲ್ಲಿ ವ್ಯಾನು ಇಳಿಸುವವರು ಅವರೇ.